ಹುಳಿ ತಡೆಯುವ ಹೂ

ಕಿತ್ತೂರು
೧೮ ಫೆಬ್ರುವರಿ ೧೯೫೨

ಗೆಳೆಯ ಮೀರಾಸಾಬನಿಗೆ,

ಎರಡು ವರ್ಷವಾಗುತ್ತ ಬಂತು, ನಿನಗೆ ಒಂದು ಅಕ್ಷರ ಬರೆದಿಲ್ಲ. ಪೆನ್ಶನ್ ಆಯಿತು, ಬೈಲಹೊಂಗಲದ ಸಾಲಿಯ ಮಾಸ್ತರಿಕೆ ಬಿಟ್ಟು ಇಲ್ಲಿಗೆ ಬಂದೆ, ಮನೆಯ ಮಾಳಿಗೆ ಸೋರುತ್ತಿತ್ತು. ಇಂಥ ಕಾರಣಗಳನ್ನು ಎಷ್ಟು ಬೇಕಾದರೂ ಕೊಡಬಹುದು. ಕೊಡುವುದಿಲ್ಲ.

ಇವತ್ತು ಬರೆಯಲು ಕಾರಣ ಒಂದು ತಗಡಿನ ಡಬ್ಬಿ. ನನ್ನ ತಂಗಿಯ ಮಗ ಪಾಂಡುರಂಗ ಮಿಲಿಟರಿಯಲ್ಲಿ ಕಾಶ್ಮೀರದ ಕಡೆ ಇದ್ದಾನೆ. ಅವನಿಗೆ ಹೋದ ವರ್ಷವೇ ಬರೆದಿದ್ದೆ. ನಿನ್ನೆ ಅಂಚೆಯಲ್ಲಿ ಡಬ್ಬಿ ಬಂತು. ಒಳಗೆ ಹಸಿ ಪಾಚಿಯಲ್ಲಿ ಸುತ್ತಿದ ನಾಲ್ಕು ಬೇರಿನ ತುಂಡು, ಬೆರಳಿನಷ್ಟು ದಪ್ಪ. ಎರಡು ಕೊಳೆತಿದ್ದವು. ಉಳಿದ ಎರಡರ ಕಣ್ಣುಗಳು ಬೆಳ್ಳಗೆ, ಹಲ್ಲು ಮೂಡಿದ ಹಾಗೆ ಮುಂದೆ ಬಂದಿವೆ. ಇದಕ್ಕೆ ಹಾಪ್ ಬಳ್ಳಿ ಎನ್ನುತ್ತಾರೆ. ಬಿಳಿಯರು ಬಿಯರು ಮಾಡುವುದಕ್ಕೆಂದು ಅಲ್ಲಿ ಹಿಂದೆ ಹಚ್ಚಿದ್ದರಂತೆ. ಆದರೆ ನನ್ನಲ್ಲಿರುವ ಹಳೆಯ ಪಾಕದ ಪುಸ್ತಕವೊಂದು ಹೇಳುವುದು ಬೇರೆ. ಈಚಲ ಮರದ ಸಿಂದಿ ಸಿಗದ ದೇಶಗಳಲ್ಲಿ ಡಬಲ್‌ರೊಟ್ಟಿಯ ಹಿಟ್ಟು ಉಬ್ಬಿಸುವ ಹುದುಗಿಗೆ ಈ ಬಳ್ಳಿಯ ಹೂವನ್ನು ಕುದಿಸಿ ಹಾಕುತ್ತಿದ್ದರಂತೆ.

ಇಪ್ಪತ್ತೆರಡು ವರ್ಷ ಸಾಲಿಗೆ ಹೋಗುವ ದಾರಿಯಲ್ಲಿ ನಿನ್ನ ರೊಟ್ಟಿ ಭಟ್ಟಿಯ ಮುಂದೆ ನಿಂತು, ಹಿಟ್ಟು ಯಾಕೆ ಉಬ್ಬುತ್ತದೆ ಎಂದು ನಿನ್ನ ತಲೆ ತಿಂದವನು ನಾನು. ಈಗ ನಮ್ಮ ಹಿತ್ತಿಲಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಎರಡು ಗುಣಿ ತೆಗೆದು ದೇಗಾಂವದಿಂದ ಕುರಿಗೊಬ್ಬರ ತರಿಸಿ ಹಾಕಿದ್ದೇನೆ. ಬದುಕಿದರೆ ಹೂವೆಲ್ಲ ನಿನಗೆ.

ಭಟ್ಟಿ ಹೇಗಿದೆ? ಬರೆ.

ನಿನ್ನ
ಬಾಳಕೃಷ್ಣ

*

ಬೈಲಹೊಂಗಲ
೩ ಮಾರ್ಚ್ ೧೯೫೨

ಮಾಸ್ತರರಿಗೆ ಜಮೀಲಾಬಿಯ ಸಲಾಂ,

ಅಬ್ಬಾ ಅವರಿಗೆ ಈಗ ಸಣ್ಣ ಅಕ್ಷರ ಕಾಣುವುದಿಲ್ಲ. ನಿಮ್ಮ ಪತ್ರ ನಾನೇ ಓದಿ ಹೇಳಿದೆ. ಕೇಳಿ, "ಮಾಸ್ತರ ಇನ್ನೂ ಹಿಟ್ಟು ಯಾಕ ಉಬ್ಬತೈತಿ ಅಂತ ಕೇಳೂದು ಬಿಟ್ಟಿಲ್ಲ. ನೀನ ಬರಿ," ಎಂದರು. ನಕ್ಕರು. ಬಹಳ ದಿನದ ಮೇಲೆ ನಕ್ಕರು, ಅದಕ್ಕೇ ಬರೆಯುತ್ತಿದ್ದೇನೆ.

ಭಟ್ಟಿಯ ವಿಷಯ ನಿಮಗೆ ಅರ್ಧ ಮಾತ್ರ ಗೊತ್ತಿರಬೇಕು. ದಾರೂಬಂದಿ ಕಾಯ್ದೆ ಬಂದ ವರ್ಷ, ಬೇಸಿಗೆಯಲ್ಲಿ, ಪೊಲೀಸರು ಬಂದು ಸಿಂದಿಯ ಮೂರು ಗಡಿಗೆ ಅಂಗಳದಲ್ಲಿ ಒಡೆದರು. ಹಿಟ್ಟಿಗೆ ಹಾಕುವ ಸಿಂದಿ ಅದು, ಕುಡಿಯುವುದಲ್ಲ ಎಂದು ಅಮ್ಮಾ ಎಷ್ಟು ಹೇಳಿದರೂ ಕಾಯ್ದೆಯಲ್ಲಿ ಅಂಥ ಭೇದ ಇರಲಿಲ್ಲ. ಅಬ್ಬಾ ಹನ್ನೊಂದು ದಿನ ಕಚ್ಚಾ ಜೇಲಿನಲ್ಲಿದ್ದು ಬಂದರು. ಅಂದಿನಿಂದ ಡಬಲ್‌ರೊಟ್ಟಿ ಇಲ್ಲ. ನಾನಖಟಾಯಿ ಮಾತ್ರ ಸುಡುತ್ತೇವೆ, ಅದಕ್ಕೆ ಹುದುಗು ಬೇಡ. ಅದನ್ನೂ ಅಮ್ಮಾ ಮತ್ತು ನಾನೇ ಮಾಡುತ್ತೇವೆ. ಅಬ್ಬಾ ಹಿಟ್ಟು ಮುಟ್ಟುವುದಿಲ್ಲ. ಜ್ವರದವರ ಮನೆಯಿಂದ ಇನ್ನೂ ಜನ ರೊಟ್ಟಿ ಕೇಳಿಕೊಂಡು ಬರುತ್ತಾರೆ. "ಸಿಂದಿ ಇಲ್ಲದ ರೊಟ್ಟಿ ಅಂದ್ರ ಇಟ್ಟಂಗಿ," ಎಂದು ಅಬ್ಬಾ ಬರಿಗೈಯಲ್ಲಿ ಕಳಿಸುತ್ತಾರೆ.

ನನ್ನ ಪ್ರಶ್ನೆಗಳು: ಆ ಹೂವಿನ ಬಣ್ಣ ಏನು? ಸಿಂದಿಯ ಹಾಗೆ ಅದರಲ್ಲೂ ನೊರೆ ಬರುತ್ತದೆಯೇ? ನೊರೆ ಬಂದರೆ ಪೊಲೀಸರು ಅದನ್ನೂ ಒಡೆಯುವುದಿಲ್ಲವೇ? ಬಳ್ಳಿ ಕಾಶ್ಮೀರದ್ದು, ನಮ್ಮ ಬಿಸಿಲಿಗೆ ಹೇಗೆ ತಾಳೀತು?

ಏಳನೇ ಇಯತ್ತೆಯಲ್ಲಿ ನೀವು ಹೇಳುತ್ತಿದ್ದಿರಿ, ಪ್ರಶ್ನೆ ಕೇಳಿದವರಿಗೆ ಅರ್ಧ ಮಾರ್ಕು ಎಂದು. ಎರಡು ಮಾರ್ಕು ಬಂದವು.

ಜಮೀಲಾಬಿ

*

ಕಿತ್ತೂರು
೨೦ ಏಪ್ರಿಲ್ ೧೯೫೨

ಚಿ. ಜಮೀಲಾಬಿಗೆ ಆಶೀರ್ವಾದ.

ಎರಡೂ ಬೇರು ಚಿಗುರಿವೆ. ಒಂದನ್ನು ಬಸವನಹುಳ ತಿಂದಿತು, ಮತ್ತೆ ಚಿಗುರಿತು. ಬಿದಿರು ನೆಟ್ಟು ಕತ್ತದ ಹಗ್ಗ ಇಳಿಬಿಟ್ಟಿದ್ದೇನೆ. ದಿನಕ್ಕೆ ನಾಲ್ಕು ಬೆರಳು ಏರುತ್ತದೆ, ಸೀಸದಕಡ್ಡಿಯಿಂದ ಬಿದಿರಿನ ಮೇಲೆ ಗುರುತು ಮಾಡುತ್ತಿದ್ದೇನೆ. ಕಾಂಡಕ್ಕೆ ಕೊಕ್ಕೆಯಂಥ ಸಣ್ಣ ಮುಳ್ಳುಗೂದಲು. ಕೈಯೆಲ್ಲ ಗೀರು.

ಒಂದು ವಿಚಿತ್ರ ಕೇಳು. ನಮ್ಮ ಅವರೆ ಬಳ್ಳಿ ಕೋಲನ್ನು ಎಡಕ್ಕೆ ಸುತ್ತುತ್ತದೆ, ಇದು ಗಡಿಯಾರದ ಮುಳ್ಳಿನಂತೆ ಬಲಕ್ಕೆ. ನಾನು ತುದಿಯನ್ನು ಮೆಲ್ಲಗೆ ಬಿಚ್ಚಿ ಎಡಕ್ಕೆ ಸುತ್ತಿ ದಾರ ಕಟ್ಟಿದೆ. ಮರುದಿನ ನೋಡಿದರೆ ದಾರದ ಮೇಲಿನ ತುದಿ ಗಾಳಿಯಲ್ಲಿ ತಡಕಾಡಿ ತಿರುಗಿ ಬಲಕ್ಕೇ ಹಿಡಿದಿತ್ತು. ಮೂರು ಸಲ ಮಾಡಿದೆ. ನನ್ನ ಹೆಂಡತಿ ಸುಂದರಾಬಾಯಿ ನೋಡಿ, "ಅದರ ಪಾಡಿಗೆ ಅದನ್ನ ಬಿಡಬಾರದೇನ್ರಿ? ಪೆನ್ಶನ್ ಆದ್ರೂ ಸಾಲಿ ಹುಡುಗರನ್ನ ತಿದ್ದಿಧಂಗ ತಿದ್ದಲಿಕ್ಕೆ ಹತ್ತೀರಿ," ಎಂದಳು. ಬಿಟ್ಟೆ.

ಹೂವು ಮಳೆಗಾಲದಲ್ಲಿ ಬರಬೇಕು. ಅಷ್ಟರಲ್ಲಿ ನೀನೊಂದು ಪ್ರಯೋಗ ಮಾಡು. ಬಟಾಟಿ ಬೇಯಿಸಿದ ನೀರು ಆರಿಸಿ, ಚೂರು ಬೆಲ್ಲ, ಒಂದು ಹಿಡಿ ಮೈದಾ ಕಲಸಿ ಗಡಿಗೆಯಲ್ಲಿಟ್ಟು ಅರಿವೆ ಕಟ್ಟು. ದಿನಾ ನೋಡಿ ಬರೆದಿಡು. ಹೂವಿಲ್ಲದೆ ಏನಾಗುತ್ತದೆ ಎಂದು ಮೊದಲು ಗೊತ್ತಾದರೆ, ಹೂವು ಹಾಕಿದಾಗ ಆಗುವುದು ಹೂವಿನದೋ ಬಟಾಟಿಯದೋ ತಿಳಿಯುತ್ತದೆ.

ಮೀರಾಸಾಬನಿಗೆ ನನ್ನ ನೆನಪು ತಿಳಿಸು.

ಬಾಳಕೃಷ್ಣ ಮಾಸ್ತರ

*

ಬೈಲಹೊಂಗಲ
೯ ಮೇ ೧೯೫೨

ಮಾಸ್ತರರಿಗೆ ಸಲಾಂ,

ಮೂರು ಸಲ ಮಾಡಿದೆ. ಮೂರು ಸಲವೂ ಒಂದೇ ಆಯಿತು. ಮೊದಲ ದಿನ ಏನಿಲ್ಲ. ಎರಡನೆಯ ದಿನ ಸಣ್ಣ ಗುಳ್ಳೆ, ಕಿವಿಯಿಟ್ಟರೆ ಚಟಚಟ ಸದ್ದು. ಸಂಜೆಗೆ ಅರಿವೆ ಎತ್ತುವಷ್ಟು ಉಬ್ಬಿತು! ಅದರಿಂದ ಹಿಟ್ಟು ಕಲಸಿದರೆ ರೊಟ್ಟಿ ಸುಮಾರಾಗಿ ಎದ್ದಿತು ಕೂಡ. ಆದರೆ ಮೂರನೆಯ ದಿನ ಗಡಿಗೆ ಬಿಚ್ಚಿದರೆ ಕೆಟ್ಟ ಮಜ್ಜಿಗೆಯ ನಾತ. ಹಿಟ್ಟು ನೀರಾಗುತ್ತದೆ, ರೊಟ್ಟಿ ಹುಳಿಯಾಗುತ್ತದೆ. ಅಮ್ಮಾ ಬಾಯಿಗಿಟ್ಟುಕೊಂಡು ಎಮ್ಮೆಗೆ ಹಾಕಿದರು. ಎಮ್ಮೆಯೂ ಯೋಚನೆ ಮಾಡಿ ತಿಂದಿತು.

ಅಂದರೆ ಮಾಸ್ತರ, ಉಬ್ಬುವುದಕ್ಕೆ ಹೂವು ಬೇಕಾಗಿಲ್ಲ. ಉಬ್ಬಿಸುವಂಥದ್ದು ಏನೋ ಹಿಟ್ಟಿನಲ್ಲೋ ಗಾಳಿಯಲ್ಲೋ ಮೊದಲೇ ಇದೆ. ಹಾಗಾದರೆ ಹೂವಿನ ಕೆಲಸ ಏನು? ನಿಮ್ಮ ಪುಸ್ತಕ ಇದನ್ನು ಹೇಳುತ್ತದೆಯೇ?

ಅಬ್ಬಾ ದೂರದಲ್ಲಿ ಕುಳಿತು ಎಲ್ಲ ನೋಡುತ್ತಾರೆ, ಹತ್ತಿರ ಬರುವುದಿಲ್ಲ. ನಿನ್ನೆ ಮಾತ್ರ ಗಡಿಗೆಯ ಮೇಲೆ ಕೈ ಇಟ್ಟು, "ಝಳಾ ಭಾಳ ಆತು, ತಂಪಿನ್ಯಾಗ ಇಡು," ಎಂದು ಹೋದರು.

ಇನ್ನೊಂದು ಮಾತು. ಎದುರಿನ ಕಿರಾಣಿ ಅಂಗಡಿಯ ಗಂಗಯ್ಯನವರ ಮಗಳ ಮದುವೆ ಮೊನ್ನೆ ಆಯಿತು. ನಾವ್ಯಾರೂ ಹೋಗಲಿಲ್ಲ. ಪೊಲೀಸರಿಗೆ ನಮ್ಮ ಹೆಸರು ಕೊಟ್ಟವರು ಅವರೇ ಎಂದು ಅಬ್ಬಾ ನಂಬಿದ್ದಾರೆ. ಎರಡು ವರ್ಷದಿಂದ ಮಾತಿಲ್ಲ. ಮದುವೆಯ ದಿನ ಗಂಗಯ್ಯನವರೇ ಬಾಗಿಲಿಗೆ ಬಂದು, "ಮೀರಾಸಾಬ, ನನ್ನ ಮಗಳನ್ನ ಎತ್ತಿ ಆಡಿಸಿದವ ನೀ. ಬಾರೋ," ಎಂದರು. ಅಬ್ಬಾ ಬಾಗಿಲು ಹಾಕಿಕೊಂಡರು. ಗಂಗಯ್ಯನವರು ಆ ಬಿಸಿಲಲ್ಲಿ ಹಾಗೆಯೇ ನಿಂತಿದ್ದರು, ನಾನು ಕಿಡಕಿಯಿಂದ ನೋಡಿದೆ. ಅವರ ಮುಖ ಹೆಸರು ಕೊಟ್ಟವರ ಮುಖದ ಹಾಗಿರಲಿಲ್ಲ. ನಿಮಗೆ ಏನನ್ನಿಸುತ್ತದೆ?

ಜಮೀಲಾಬಿ

*

ಕಿತ್ತೂರು
೧೪ ಮೇ ೧೯೫೨

ಮೀರಾಸಾಬ,

ಹೆಸರು ಕೊಟ್ಟವನು ಗಂಗಯ್ಯನಲ್ಲ, ನಾನು.

ತಾಲೂಕಿನ ಪಾನನಿರೋಧ ಮಂಡಳಿಗೆ ಆಗ ನಾನು ಕಾರ್ಯದರ್ಶಿಯಾಗಿದ್ದೆ. ಸಿಂದಿ ಇನ್ನೂ ಎಲ್ಲೆಲ್ಲಿ ಬರುತ್ತಿದೆ ಎಂದು ಯಾದಿ ಮಾಡಿ ಕಳಿಸಬೇಕೆಂದು ಠರಾವು ಆಯಿತು. ಯಾದಿ ಬರೆದ ಕೈ ನನ್ನದು. ಅದರಲ್ಲಿ ನಿನ್ನ ಭಟ್ಟಿಯನ್ನು ಬರೆದೆ. ನೀನು ಕುಡಿಯುವವನಲ್ಲ, ಮಾರುವವನಲ್ಲ ಎಂದು ಗೊತ್ತಿದ್ದೇ ಬರೆದೆ. ಗೆಳೆಯನೆಂದು ಬಿಟ್ಟರೆ ಯಾದಿಗೆ ಬೆಲೆಯಿಲ್ಲ ಎಂದುಕೊಂಡೆ. ಒಂದು ನೋಟೀಸು ಕೊಟ್ಟು ಬಿಟ್ಟಾರು ಎಂದೂ ಅಂದುಕೊಂಡೆ. ನಿನ್ನನ್ನು ಕರೆದೊಯ್ದ ದಿನ ನಾನು ಊರಲ್ಲೇ ಇದ್ದೆ. ಬರಲಿಲ್ಲ.

ಗಂಗಯ್ಯನಿಗೆ ಇದರಲ್ಲಿ ಏನೂ ಗೊತ್ತಿಲ್ಲ.

ಬಾಳಕೃಷ್ಣ

*

ಕಿತ್ತೂರು
೨೨ ಆಗಸ್ಟ್ ೧೯೫೨

ಚಿ. ಜಮೀಲಾಬಿಗೆ,

ಮೂರು ತಿಂಗಳಾಯಿತು, ಉತ್ತರವಿಲ್ಲ. ಕೇಳುವ ಹಕ್ಕು ನನಗಿಲ್ಲ. ಹೂವು ನಿಮ್ಮವು, ಆದ್ದರಿಂದ ಕಳಿಸುತ್ತಿದ್ದೇನೆ. ಬಸ್ಸಿನ ಡ್ರೈವರ್ ಮುರ್ತುಜಾಸಾಬ ತಂದುಕೊಡುತ್ತಾನೆ.

ಇವು ನಾವು ಹೂವೆಂದುಕೊಂಡಂತೆ ಇಲ್ಲ. ಬಣ್ಣವಿಲ್ಲ, ಎಸಳಿಲ್ಲ. ಹಸಿರು ಕಾಗದವನ್ನು ಪದರು ಪದರಾಗಿ ಮಡಚಿ ಮಾಡಿದ ಸಣ್ಣ ತುರಾಯಿಯ ಹಾಗೆ. ಪದರು ಬಿಡಿಸಿದರೆ ಬುಡದಲ್ಲಿ ಹಳದಿ ಪುಡಿ, ಬೆರಳಿಗೆ ಅಂಟುತ್ತದೆ. ಮೂಸಿ ನೋಡು: ನಿಂಬೆಸಿಪ್ಪೆ, ಒಣಹುಲ್ಲು, ಇನ್ನೂ ಏನೋ ಒಂದು ಇದೆ, ಹೆಸರು ಸಿಕ್ಕಲಿಲ್ಲ. ಕಹಿ ಮಾತ್ರ ಬೇವಿಗೆ ಕಡಿಮೆಯಿಲ್ಲ.

ಕಾಶ್ಮೀರದಲ್ಲಿ ಇಪ್ಪತ್ತು ಅಡಿ ಏರುತ್ತದೆಂದು ಪಾಂಡುರಂಗ ಬರೆದಿದ್ದ. ಇಲ್ಲಿ ಏಳು ಅಡಿಗೇ ನಿಂತು ಹೂ ಬಿಟ್ಟಿತು. ಅಲ್ಲಿ ಬೇಸಿಗೆಯ ಹಗಲು ನಮಗಿಂತ ಉದ್ದ. ಇಲ್ಲಿಯ ಗಿಡ್ಡ ಹಗಲು ನೋಡಿ, ಕಾಲ ಮುಗಿಯಿತೆಂದು ಅದು ಅವಸರ ಮಾಡಿತೇ? ಗಿಡಕ್ಕೆ ಹಗಲಿನ ಉದ್ದ ಹೇಗೆ ತಿಳಿಯಬೇಕು? ಉತ್ತರ ಗೊತ್ತಿಲ್ಲ.

ಎರಡು ಹಿಡಿಯಷ್ಟೇ ಸಿಕ್ಕವು. ನೆರಳಿನಲ್ಲಿ ಒಣಗಿಸಿದ್ದೇನೆ. ಒಂದು ಚಿಟಿಕೆ ನೀರಿನಲ್ಲಿ ಕುದಿಸಿ, ಸೋಸಿ, ಆ ನೀರನ್ನು ಬಟಾಟಿಯ ನೀರಿಗೆ ಬೆರೆಸು.

ಬಾಳಕೃಷ್ಣ

*

ಬೈಲಹೊಂಗಲ
೩೦ ಸೆಪ್ಟೆಂಬರ್ ೧೯೫೨

ಬಾಳಕೃಷ್ಣ ಮಾಸ್ತರರಿಗೆ,

ಎರಡು ಗಡಿಗೆ ಇಟ್ಟೆ, ಒಂದರಲ್ಲಿ ಹೂವಿನ ನೀರು, ಒಂದರಲ್ಲಿ ಬರೀ ನೀರು. ಎರಡೂ ಎರಡನೆಯ ದಿನ ಉಬ್ಬಿದವು. ಮೂರನೆಯ ದಿನ ಬರೀ ನೀರಿನದು ಕೆಟ್ಟಿತು. ಹೂವಿನದು ಕೆಡಲಿಲ್ಲ. ನಾಲ್ಕು, ಐದು, ಆರು ದಿನ ಕೆಡಲಿಲ್ಲ. ಒಂದು ಬಟ್ಟಲು ತೆಗೆದು ಅಷ್ಟೇ ಬಟಾಟಿ ನೀರು ಹಾಕುತ್ತ ಹೋದೆ. ಇಂದಿಗೆ ಹದಿನೇಳನೆಯ ದಿನ, ಹಣ್ಣಿನ ವಾಸನೆ ಇದೆ. ಆದ್ದರಿಂದ ಆ ಹೂವು ಹಿಟ್ಟನ್ನು ಎಬ್ಬಿಸುವುದಿಲ್ಲ. ಎಬ್ಬಿಸುವವರು ಬೇರೆ. ಹುಳಿ ಮಾಡುವವರನ್ನು ಮಾತ್ರ ಅದು ಒಳಗೆ ಬಿಡುವುದಿಲ್ಲ. ನಿಮ್ಮ ಪುಸ್ತಕ ಬರೆದವರು ಎರಡು ಗಡಿಗೆ ಇಟ್ಟು ನೋಡಿಲ್ಲ.

ಇಷ್ಟು ಪ್ರಯೋಗದ ವಿಷಯ.

ನಿಮ್ಮ ಮೇ ತಿಂಗಳ ಪತ್ರವನ್ನು ಅಬ್ಬಾ ಅವರಿಗೆ ನಾನು ಓದಿ ಹೇಳಬೇಕಾಗುತ್ತದೆ ಎಂಬುದು ಬರೆಯುವಾಗ ನಿಮಗೆ ಹೊಳೆಯಲಿಲ್ಲವೇ? ಮೊದಲ ಸಾಲು ಓದಿ ಪತ್ರ ಮಡಚಲು ಹೋದೆ. "ಮುಂದ ಓದು," ಎಂದರು. ಎಲ್ಲ ಓದಿದೆ. ಅವರು ಎದ್ದು ಚಪ್ಪಲಿ ಮೆಟ್ಟಿ ರಸ್ತೆ ದಾಟಿ ಗಂಗಯ್ಯನವರ ಅಂಗಡಿಗೆ ಹೋದರು. ಏನು ಮಾತಾದವೋ ತಿಳಿಯದು. ಗಂಗಯ್ಯನವರು ಗಲ್ಲಾಪೆಟ್ಟಿಗೆಯ ಗಾದಿಯಿಂದ ಇಳಿದು ಬಂದು ಅಬ್ಬಾರ ಎರಡೂ ಕೈ ಹಿಡಿದದ್ದು ಮಾತ್ರ ನಮ್ಮ ಮನೆಯಿಂದ ಕಂಡಿತು.

ನಿಮ್ಮ ಬಗ್ಗೆ ಅವರು ಇಂದಿನವರೆಗೆ ಒಂದು ಮಾತೂ ಆಡಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮೊನ್ನೆ ಹದಿನೈದನೆಯ ದಿನದ ಹುದುಗಿನಿಂದ ನಾನು ಹಿಟ್ಟು ಕಲಸುತ್ತಿದ್ದೆ. ಹಿಂದೆ ಬಂದು ನಿಂತರು. "ಹಂಗ ನಾದಿದ್ರ ಆತು ಬಿಡು, ಈ ಕಡೆ ಸರಿ," ಎಂದು ತೋಳು ಮಡಚಿ ಕೈ ಇಟ್ಟರು. ಎಂಟು ರೊಟ್ಟಿ ಆದವು. ಯಾವುದೂ ಇಟ್ಟಂಗಿ ಆಗಿರಲಿಲ್ಲ.

ಹೂವಿಗಾಗಿ ಉಪಕಾರವಾಯಿತು.

ಜಮೀಲಾಬಿ

*

ಕಿತ್ತೂರು
೨ ಆಗಸ್ಟ್ ೧೯೫೩

ಚಿ. ಜಮೀಲಾಬಿಗೆ,

ಚಳಿಗಾಲದಲ್ಲಿ ಬಳ್ಳಿ ಪೂರ್ತಿ ಒಣಗಿ ಹೋಗಿದ್ದು, ಯುಗಾದಿಯ ಹೊತ್ತಿಗೆ ಹದಿನಾಲ್ಕು ಚಿಗುರು ಬಂದವು ಎಂದು ಬರೆದಿದ್ದೆ. ಈ ವರ್ಷ ಹಗ್ಗ ಕಾಣದಷ್ಟು ಹೂವು. ನೀನು ಕೇಳಿದ ಒಂದು ವರ್ಷದ ಹುದುಗಿಗೆ ಸಾಕಾಗುತ್ತದೆ. ಆದರೆ ನಿಮಗೆ ಸಿಕ್ಕುತ್ತದೋ ಇಲ್ಲವೋ ತಿಳಿಯದು.

ನಿನ್ನೆ ದಾರೂಬಂದಿಯ ಜಮಾದಾರರು ಬಂದಿದ್ದರು. ಮಂಡಳಿಯ ಹಳೆಯ ಕಾರ್ಯದರ್ಶಿಯೇ ಹಿತ್ತಿಲಲ್ಲಿ ಬಿಯರಿನ ಬಳ್ಳಿ ಬೆಳೆಸಿದ್ದಾನೆ ಎಂದು ಯಾರೋ ಅರ್ಜಿ ಬರೆದಿದ್ದಾರೆ. ಯಾರು ಎಂದು ನಾನು ಕೇಳಲಿಲ್ಲ. ಜಮಾದಾರರು ಸಜ್ಜನ. "ಮಾಸ್ತರ, ಇದು ಬಿಯರಿಗೆ ಹಾಕೂದು ಖರೇನೋ ಸುಳ್ಳೋ?" ಎಂದರು. "ಖರೆ," ಎಂದೆ. "ಮತ್ತ ನೀವು ಎದಕ್ಕ ಬೆಳದೀರಿ?" "ಡಬಲ್‌ರೊಟ್ಟಿಗೆ." ಅವರು ನನ್ನ ಜನಿವಾರ ನೋಡಿದರು, ಸುಂದರಾಬಾಯಿಯ ಒಲೆ ನೋಡಿದರು. "ಈ ಮನ್ಯಾಗ ಎಲ್ಲಿ ಡಬಲ್‌ರೊಟ್ಟಿರಿ?" ಎಂದರು. ಉತ್ತರ ಕೊಡಬೇಕಾದರೆ ಮೀರಾಸಾಬನ ಹೆಸರು ಹೇಳಬೇಕಿತ್ತು. ಇನ್ನೊಮ್ಮೆ ಅವನ ಹೆಸರನ್ನು ಪೊಲೀಸರ ಮುಂದೆ ನಾನು ಹೇಳಲಾರೆ. ಗುರುವಾರ ಬಂದು ಬುಡಸಹಿತ ಅಗೆಸುತ್ತೇವೆ ಎಂದು ಹೋದರು.

ಇದರೊಂದಿಗೆ ಆರು ಬೇರಿನ ತುಂಡು ಇವೆ. ಮುರ್ತುಜಾಸಾಬನಿಗೆ ತೇವದ ಗೋಣಿಯಲ್ಲಿ ಸುತ್ತಿ ಕೊಟ್ಟಿದ್ದೇನೆ. ಬಾವಿಯ ಹತ್ತಿರ ತಂಪಿನಲ್ಲಿ ನೆಡು. ಇಲ್ಲಿಯದು ಹೋದರೂ ಅಲ್ಲಿ ಉಳಿಯಲಿ. ಬಲಕ್ಕೆ ಸುತ್ತುತ್ತದೆ, ತಿದ್ದಲು ಹೋಗಬೇಡ.

ಬಾಳಕೃಷ್ಣ

*

ಬೈಲಹೊಂಗಲ
೫ ಆಗಸ್ಟ್ ೧೯೫೩

ಮಾಸ್ತರರಿಗೆ,

ಬೇರು ನೆಟ್ಟೆವು. ನಿಮ್ಮ ಪತ್ರವನ್ನು ಅಬ್ಬಾ ಎರಡು ಸಲ ಓದಿಸಿಕೊಂಡರು. ಎರಡನೆಯ ಸಲ, ಹೆಸರು ಹೇಳಲಾರೆ ಎಂದು ನೀವು ಬರೆದ ಸಾಲಿಗೆ ಬಂದಾಗ, "ಸಾಕು," ಎಂದರು.

ನಾಳೆ ಗುರುವಾರ, ಮೊದಲ ಬಸ್ಸಿಗೆ ಅವರು ಅಲ್ಲಿಗೆ ಬರುತ್ತಾರೆ. ಈ ಚೀಟಿ ಅವರ ಕೈಯಲ್ಲೇ ಕೊಟ್ಟಿದ್ದೇನೆ. ಹೋಗಿರೆಂದು ನಾನು ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅಲ್ಲಿ ಏನಾಯಿತು ಎಂದು ಅವರು ನನಗೆ ಹೇಳುವುದಿಲ್ಲ. ನೀವು ಬರೆಯಬೇಕು. ಒಂದೂ ಮಾತು ಬಿಡದೆ.

ಜಮೀಲಾಬಿ

*

ಕಿತ್ತೂರು
೯ ಆಗಸ್ಟ್ ೧೯೫೩

ಚಿ. ಜಮೀಲಾಬಿಗೆ,

ಒಂದೂ ಮಾತು ಬಿಡದೆ ಎಂದಿದ್ದೀ. ಹಾಗೆಯೇ ಬರೆಯುತ್ತೇನೆ.

ಮೀರಾಸಾಬ ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಅರಿವೆ ಕಟ್ಟಿದ ಗಡಿಗೆ ಹಿಡಿದು ಬಂದ. ಕೂದಲು ಇಷ್ಟು ನರೆತದ್ದು ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು, "ಮಾಸ್ತರ, ಹಿತ್ತಲಾ ಯಾಕಡೆ ಐತಿ ತೋರಸ್ರಿ," ಎಂದ. ಇಪ್ಪತ್ತೆರಡು ವರ್ಷ ನನ್ನನ್ನು ಏಕವಚನದಲ್ಲೇ ಕರೆದವನು. ನಾನು ದಾರಿ ತೋರಿಸಿದೆ.

ಜಮಾದಾರರು ಹತ್ತು ಗಂಟೆಗೆ ಗುದ್ದಲಿಯವರೊಂದಿಗೆ ಬಂದರು. ಮೀರಾಸಾಬ ಯಾರೂ ಕೇಳುವ ಮೊದಲೇ ಎದ್ದು ಹೆಸರು ಹೇಳಿದ. "ಈ ಹೂವು ನನಗ ಬೇಕಾಗೇತ್ರಿ. ರೊಟ್ಟಿ ಸುಡಾವ ನಾ."

"ನಿಮ್ಮ ಭಟ್ಟಿ ಮ್ಯಾಲೆ ಹಿಂದ ಕೇಸ ಆಗಿತ್ತಲ್ಲ?" ಎಂದರು ಜಮಾದಾರರು.

"ಆಗಿತ್ರಿ. ಆವಾಗ ಸಿಂದಿ ಇತ್ತು, ಸುಳ್ಳಲ್ಲ. ಈಗ ಇದೈತಿ." ಗಡಿಗೆಯ ಅರಿವೆ ಬಿಚ್ಚಿದ. "ಕುಡ್ಯೂದಲ್ರಿ ಇದು. ಬೇಕಾದ್ರ ಒಂದು ಚಮಚಾ ಕುಡೀರಿ."

ಜಮಾದಾರರು ನಿಜವಾಗಿ ಕುಡಿದರು. ಮುಖ ಹಿಂಡಿದ್ದನ್ನು ನೀನು ನೋಡಬೇಕಿತ್ತು. ಮೀರಾಸಾಬ ಬುಟ್ಟಿಯ ರೊಟ್ಟಿ ಮುರಿದು ಒಳಗಿನ ತೂತುಗಳನ್ನು ತೋರಿಸಿ, ನಿನ್ನ ಎರಡು ಗಡಿಗೆಯ ಪ್ರಯೋಗವನ್ನು ಆದಿಯಿಂದ ಹೇಳಿದ. ನಿನಗಿಂತ ಚೆನ್ನಾಗಿ ಹೇಳಿದ. ಜಮಾದಾರರಿಗೆ ಕುತೂಹಲ ಬಂದು, ಹೂವಿಲ್ಲದ ಗಡಿಗೆ ಯಾಕೆ ಕೆಡುತ್ತದೆ, ಗಾಳಿ ಹೋಗದ ಹಾಗೆ ಮುಚ್ಚಿದರೆ ಏನಾಗುತ್ತದೆ ಎಂದು ಕೇಳತೊಡಗಿದರು. ಅದು ನಮಗೂ ಗೊತ್ತಿಲ್ಲ. ನೋಡಬೇಕು. ಕೊನೆಗೆ, ರೊಟ್ಟಿಯ ಉಪಯೋಗಕ್ಕೆ ಎಂದು ಕಾಗದದಲ್ಲಿ ಬರೆದು ಇಬ್ಬರ ಸಹಿ ತೆಗೆದುಕೊಂಡರು. ಹೊರಡುವಾಗ, "ಮಾಸ್ತರ ನಿಮಗೇನಾಗಬೇಕು?" ಎಂದು ಅವನನ್ನು ಕೇಳಿದರು.

"ಗುರ್ತಿನವರ್ರಿ," ಎಂದ. ಗೆಳೆಯ ಎನ್ನಲಿಲ್ಲ.

ಅವರು ಹೋದ ಮೇಲೆ ಹೂವು ಕೀಳಲು ನಿಂತೆವು. ನಾನು ಒಂದು ಮಗ್ಗುಲು, ಅವನು ಒಂದು ಮಗ್ಗುಲು, ನಡುವೆ ಬಳ್ಳಿ. ಅವನು ಒಂದು ಹೂವನ್ನು ಕಿವಿಯ ಹತ್ತಿರ ಹಿಡಿದು ಒತ್ತಿದ, ಹಣ್ಣಾದದ್ದು ಕಾಗದದ ಹಾಗೆ ಸದ್ದು ಮಾಡುತ್ತದೆಂದು ತಾನೇ ಕಂಡುಹಿಡಿದ. ಬಹಳ ಹೊತ್ತಿನ ಮೇಲೆ ಎಲೆಗಳ ಆ ಕಡೆಯಿಂದ ಕೇಳಿದ.

"ಆ ಯಾದ್ಯಾಗ ನನ್ನ ಹೆಸರು ಎಷ್ಟನೇದಿತ್ತು?"

"ಮೂರನೇದು."

"ಬರಿಯೂ ಮುಂದ ಕೈ ನಿಂತಿತ್ತೇನು?"

"ನಿಂತಿತ್ತು."

"ಎಷ್ಟೊತ್ತು?"

ಹೆಚ್ಚು ಹೇಳಬೇಕೆಂದು ಬಾಯಿಗೆ ಬಂತು ಜಮೀಲಾಬಿ. ನಿಜವಾಗಿ ನೆನಪು ಮಾಡಿಕೊಂಡು ಹೇಳಿದೆ. "ಟಾಕು ಮಸಿಯಾಗ ಅದ್ದಿ ತಗೊಳ್ಳೂವಷ್ಟು."

ಅವನು ಆ ಹಗ್ಗದ ಹೂವೆಲ್ಲ ಕಿತ್ತು ಮುಗಿಸಿದ. ಬಾವಿಗೆ ಹೋಗಿ ಗೀರು ಬಿದ್ದ ಕೈಗಳಿಗೆ ನೀರು ಹಾಕಿಕೊಂಡ. ಅಲ್ಲೇ ಕಟ್ಟೆಯ ಮೇಲೆ ಬೆನ್ನು ತಿರುಗಿಸಿ ಕುಳಿತ. ಸುಂದರಾಬಾಯಿ ಚಹಾ ಒಯ್ದು ಇಟ್ಟಳು, ನಾನು ಹೋಗಲಿಲ್ಲ. ಚಹಾ ಆರಿದ ಮೇಲೆ ಕುಡಿದ.

ಮಧ್ಯಾಹ್ನದ ಬಸ್ಸಿಗೆ ಸ್ಟ್ಯಾಂಡಿನ ತನಕ ಹೂವಿನ ಚೀಲ ನಾನೇ ಹೊತ್ತೆ. ಬಸ್ಸು ಏರಿ ಕಿಡಕಿಯ ಬದಿಗೆ ಕುಳಿತು, ಚೀಲದಲ್ಲಿ ಕೈ ಹಾಕಿ ಒಂದು ಹಿಡಿ ತೆಗೆದು ನೋಡಿದ. ಅದರಲ್ಲಿ ನಾಲ್ಕೈದು ಹೂವು ಆರಿಸಿ ಕಿಡಕಿಯಿಂದ ನನ್ನ ಅಂಗೈಗೆ ಹಾಕಿದ.

"ಇವು ನೀ ಕಿತ್ತಾವು. ಹಸೇ ಅದಾವು. ಬರೂ ವರ್ಷ ನಾ ಬಂದು ಕಿತ್ತೇನಿ, ಅಲ್ಲೀತನಕ ನೀ ಕೈ ಹಚ್ಚಬ್ಯಾಡ."

ಹಚ್ಚುವುದಿಲ್ಲ ಎಂದೆ.

ಬಾಳಕೃಷ್ಣ